ಜಾಹೀರಾತಿನ ಹಣ ಯಾರದು?

ಚುನಾವಣೆ ಹತ್ತಿರ ಬಂದಂತೆಲ್ಲ ನಮ್ಮ ಊರುಗಳ ಗೋಡೆ, ಕಂಬ, ವೃತ್ತಗಳು ನಾಯಕರ ಮುಖಗಳಿಂದ ತುಂಬಿಹೋಗುತ್ತವೆ. ಪತ್ರಿಕೆ ತೆರೆದರೆ ಮೊದಲ ಪುಟವೇ ಜಾಹೀರಾತು. ಟಿ.ವಿ. ಹಚ್ಚಿದರೂ ಅದೇ, ಮೊಬೈಲ್ ಮುಟ್ಟಿದರೂ ಅದೇ. ಇಷ್ಟೊಂದು ಹಣ ಎಲ್ಲಿಂದ ಬಂತು, ಕೊಟ್ಟವರು ಏನನ್ನು ಬಯಸಿ ಕೊಟ್ಟರು ಎಂಬುದನ್ನು ಮಾತ್ರ ಯಾವ ಜಾಹೀರಾತೂ ಹೇಳುವುದಿಲ್ಲ.

ಕಾನೂನಿನಲ್ಲಿ ಮಿತಿಯೇ ಇಲ್ಲವೆಂದಲ್ಲ. 2022ರಲ್ಲಿ ಪರಿಷ್ಕರಿಸಿದಂತೆ, ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ಆದರೆ ರಾಜಕೀಯ ಪಕ್ಷ ಮಾಡುವ ಖರ್ಚಿಗೆ ಇಂಥ ಮಿತಿ ಇಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವರ ಲೆಕ್ಕಕ್ಕೇ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕಾನೂನಿಗೇ ತಿದ್ದುಪಡಿ ತಂದು ಆ ತೀರ್ಪಿನಿಂದ ಪಾರಾಗಲಾಯಿತು. ಪಕ್ಷದ ಸಾಮಾನ್ಯ ಪ್ರಚಾರದ ಖರ್ಚು ಇಂದಿಗೂ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಕೊಟ್ಟವರ ಹೆಸರನ್ನು ಮುಚ್ಚಿಡುವ ಚುನಾವಣಾ ಬಾಂಡ್ ಯೋಜನೆ 2018ರಲ್ಲಿ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಪಕ್ಷಕ್ಕೆ ಹಣ ಕೊಟ್ಟವರು ಯಾರೆಂದು ತಿಳಿಯುವುದು ಮತದಾರರ ಹಕ್ಕು ಎಂಬುದೇ ಆ ತೀರ್ಪಿನ ತಿರುಳು. ಆ ಹಕ್ಕು ನಮಗಿದೆ. ಕೇಳುವ ಅಭ್ಯಾಸ ನಮಗಿದೆಯೇ?

ಇನ್ನು ಸರ್ಕಾರದ ಜಾಹೀರಾತುಗಳು. ಇವು ನೇರವಾಗಿ ನಮ್ಮ ತೆರಿಗೆಯ ಹಣ. ಇವುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಹಾಗೂ ಮುಖ್ಯ ನ್ಯಾಯಮೂರ್ತಿಗಳ ಹೊರತು ಬೇರೆಯವರ ಭಾವಚಿತ್ರ ಬೇಡವೆಂದು 2015ರಲ್ಲಿ ನ್ಯಾಯಾಲಯ ಹೇಳಿತ್ತು. ಸರ್ಕಾರಗಳು ಮತ್ತೆ ಮೊರೆ ಹೋದ ಮೇಲೆ 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಚಿತ್ರಕ್ಕೂ ಅವಕಾಶ ಸಿಕ್ಕಿತು. ಬಸವ ಜಯಂತಿಯ ದಿನ ಪತ್ರಿಕೆಯಲ್ಲಿ ಬಸವಣ್ಣನವರ ಚಿತ್ರಕ್ಕಿಂತ ಶುಭ ಕೋರುವವರ ಚಿತ್ರ ದೊಡ್ಡದಾಗಿ ಕಂಡರೆ ನಮಗೆ ನೋವಾಗಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣ ಪೋಲಾಯಿತೆಂಬ ದೂರು ಬಂದಾಗ ಲೆಕ್ಕವನ್ನು ಎಲ್ಲರೆದುರು ಒಪ್ಪಿಸಿದರೆಂಬುದು ನಮ್ಮ ಪರಂಪರೆ ಹೇಳುವ ಮಾತು.

ಬೇರೆಯವರನ್ನು ಕೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಜಾತ್ರೆ, ಶರಣ ಸಮ್ಮೇಳನ, ಪುಣ್ಯಸ್ಮರಣೆಗಳಿಗೆ ಸ್ವಾಗತ ಕಮಾನು ಹಾಕಿಸುವವರು ಯಾರು? ಪೂಜ್ಯರ ಭಾವಚಿತ್ರದ ಪಕ್ಕದಲ್ಲಿ ಟಿಕೆಟ್ ಆಕಾಂಕ್ಷಿಯ ಚಿತ್ರ ಏಕಿರುತ್ತದೆ? ಅದು ಭಕ್ತಿಯ ಕಾಣಿಕೆಯಲ್ಲ, ಮಠದ ಮೇಲೆ ಭಕ್ತರಿಟ್ಟಿರುವ ನಂಬಿಕೆಯನ್ನು ಅಗ್ಗದ ಬೆಲೆಗೆ ಕೊಳ್ಳುವ ಜಾಹೀರಾತು. ಅದಕ್ಕೆ ಜಾಗ ಕೊಟ್ಟ ಮೇಲೆ ಅದೇ ವ್ಯಕ್ತಿ ತಪ್ಪು ಮಾಡಿದಾಗ ಖಂಡಿಸುವ ಧ್ವನಿ ನಮ್ಮಲ್ಲಿ ಉಳಿಯುವುದಿಲ್ಲ. ಸಾಲದ್ದಕ್ಕೆ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧವನ್ನು ಮುರಿದವರ ಫ್ಲೆಕ್ಸ್ ಮಠದ ಮಹಾದ್ವಾರದಲ್ಲೇ ತೂಗಿದರೆ ನಾವು ಯಾರಿಗೆ ನೀತಿ ಹೇಳೋಣ?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದರು. ಹೆಚ್ಚಾಗಿ ಬಂದದ್ದರ ಮೂಲವನ್ನು ಕೇಳಿದ ಆ ತಾಯಿಯ ಪ್ರಶ್ನೆ ಇಂದಿನ ಮತದಾರರ ಪ್ರಶ್ನೆಯೂ ಆಗಬೇಕು. ಪ್ರಚಾರಕ್ಕೆ ಸುರಿದ ಹಣವನ್ನು ಯಾರೂ ದಾಸೋಹವೆಂದು ಸುರಿಯುವುದಿಲ್ಲ. ಗೆದ್ದ ಮೇಲೆ ಅದು ನಮ್ಮ ಊರಿನ ರಸ್ತೆಯಿಂದ, ಶಾಲೆಯ ಕಟ್ಟಡದಿಂದ, ಆಸ್ಪತ್ರೆಯ ಔಷಧಿಯಿಂದಲೇ ವಸೂಲಾಗುತ್ತದೆ.

ಆದ್ದರಿಂದ ಪೂಜ್ಯರಲ್ಲಿ ಮತ್ತು ಶರಣ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಮಠದ ಕಾರ್ಯಕ್ರಮಗಳಲ್ಲಿ ಯಾವ ಪಕ್ಷದ, ಯಾವ ಅಭ್ಯರ್ಥಿಯ ಫ್ಲೆಕ್ಸ್‌ಗೂ ಜಾಗ ಬೇಡ. ಅವರು ನಮ್ಮ ಜಾತಿಯವರೇ ಆಗಿದ್ದರೂ ಬೇಡ. ಮತ ಕೇಳಲು ಮನೆಗೆ ಬಂದವರನ್ನು ಗೌರವದಿಂದ ಕೂರಿಸಿ, ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳೋಣ: ಈ ಪ್ರಚಾರದ ಹಣ ಯಾರದು? ಉತ್ತರ ಕೊಡಲಾರದವರಿಗೆ ನಮ್ಮ ಮತವನ್ನೂ ಕೊಡದಿರೋಣ.