ಮೂಟೆ ಹೊರೋರ ಹತ್ರ ನೂರು ರೂಪಾಯಿ

1/4
ನಮ್ಮ ನಗರ್ತಪೇಟೆಯ ಬಟ್ಟೆ ಅಂಗಡಿ ಮಾಲೀಕರೊಬ್ಬರ ಇನ್‌ಕಂ ಟ್ಯಾಕ್ಸ್ 1 ಲಕ್ಷ ಆಯ್ತು ಅಂದ್ಕೊಳ್ಳಿ. ಅದರ ಮೇಲೆ ಇನ್ನೂ 4,000 ಕಟ್ಟಬೇಕು. ಹೆಸರು ‘ಆರೋಗ್ಯ ಮತ್ತು ಶಿಕ್ಷಣ ಸೆಸ್’. ಅಂದ್ರೆ ಸ್ಕೂಲಿನ ಹೆಸರಲ್ಲಿ ದುಡ್ಡು ಆಗ್ಲೇ ಹೋಯ್ತು.

2/4
ಎಲ್ಲಿಗೆ? ಸಂವಿಧಾನದ 270ನೇ ವಿಧಿ ಪ್ರಕಾರ ತೆರಿಗೇಲಿ ರಾಜ್ಯಗಳಿಗೆ ಪಾಲಿದೆ, ಸೆಸ್‌ನಲ್ಲಿ ಇಲ್ಲ. ಅದು ಪೂರ್ತಿ ಕೇಂದ್ರಕ್ಕೆ. ವಾಪಸ್ ಬರೋದು ಸಮಗ್ರ ಶಿಕ್ಷಣದಂಥ ಯೋಜನೆಯಾಗಿ: ಕೇಂದ್ರದ್ದು 60, ನಮ್ಮದು 40, ಷರತ್ತೆಲ್ಲಾ ದೆಹಲಿದು. ಮೇಷ್ಟ್ರ ಸಂಬಳದ ದೊಡ್ಡ ಹೊರೆ ಮಾತ್ರ ರಾಜ್ಯದ ಮೇಲೆ.

3/4
ಹಾಗಂತ ರಾಜ್ಯ ಏನ್ಮಾಡ್ತು? 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೊಳ್ಳಿ ಅಂತ ಸುತ್ತೋಲೆ ಬಂತು. ಜನ ಬೈದ್ರು, ಕೆಲವೇ ದಿನದಲ್ಲಿ ವಾಪಸ್ ಆಯ್ತು. ‘ದೇಣಿಗೆ ತಾನೇ, ಇಷ್ಟ ಇದ್ರೆ ಕೊಡ್ಲಿ’ ಅಂತೀರಾ? ಮಗು ಓದೋ ಸ್ಕೂಲಲ್ಲಿ ಮೇಷ್ಟ್ರೇ ಕೇಳಿದ್ರೆ, ಅದೇ ಅಂಗಡಿಗೆ ಮೂಟೆ ಹೊರೋ ಅಪ್ಪ ‘ಇಲ್ಲ ಸಾರ್’ ಅಂತಾನಾ?

4/4
ಕೇಳಬೇಕಾಗಿರೋದು ಎರಡೇ.
ಒಂದು: ಸೆಸ್ ಬಿಟ್ಟು ತೆರಿಗೆಗೇ ಸೇರಿಸಿ, ರಾಜ್ಯಕ್ಕೆ ಪಾಲು ಬರಲಿ.
ಎರಡು: ಆ ಪಾಲು ಸ್ಕೂಲಿಗೇ ಹೋಯ್ತಾ? ಪ್ರತಿ ಸರ್ಕಾರಿ ಶಾಲೆಗೆ ಬಂದಿದ್ದೆಷ್ಟು, ಖರ್ಚಾಗಿದ್ದೆಷ್ಟು ಅಂತ ರಾಜ್ಯ ಗೋಡೆ ಮೇಲೆ ಬರೆಸಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಉಚಿತ’ ಅಂತಲೇ ಇದೆ. ಹುಂಡಿ ಧರ್ಮರಾಯನ ಗುಡೀಲಿರಲಿ, ಸ್ಕೂಲಲ್ಲಿ ಬೇಡ.

ನಿಮ್ಮ ಕ್ಲಾಸ್ ಗ್ರೂಪಿಗೂ ಕಳ್ಸಿ.
#ಸರ್ಕಾರಿಶಾಲೆ #ನಮ್ಮತೆರಿಗೆ #ನಗರ್ತಪೇಟೆ