ನಿಲ್ದಾಣದ ಗೋಡೆಗೆ ಬೇಕಿರುವುದು ಭಾವಚಿತ್ರವಲ್ಲ, ಲೆಕ್ಕಪತ್ರ

ಪತ್ರಿಕೆ ಕೊಳ್ಳದವನೂ ರೈಲು ನಿಲ್ದಾಣದಲ್ಲಿ ಗೋಡೆ ಓದುತ್ತಾನೆ. ರೈಲು ತಡವಾದಷ್ಟೂ ಓದು ದೀರ್ಘವಾಗುತ್ತದೆ. ಅಧಿಕಾರದಲ್ಲಿರುವವರಿಗೆ ಇದು ಚೆನ್ನಾಗಿ ತಿಳಿದಿದೆ. ಆದ್ದರಿಂದಲೇ ಸರಕಾರ ಎಷ್ಟು ಖರ್ಚು ಮಾಡಿತೆಂದು ಸಾರುವ ಫಲಕಗಳು ಅಲ್ಲಿ ಮೊದಲು ಏಳುತ್ತವೆ. ಹಣ ಓದುವವನದು, ಮುಖ ಆಳುವವರದು!

2023ರ ಡಿಸೆಂಬರ್‌ನಲ್ಲಿ ಮಾಹಿತಿ ಹಕ್ಕಿನಡಿ ಮಧ್ಯ ರೈಲ್ವೆ ನೀಡಿದ ಉತ್ತರವನ್ನು ನೆನಪಿಸಿಕೊಳ್ಳಿ. ಪ್ರಧಾನಿಯವರ ಚಿತ್ರವುಳ್ಳ ಸೆಲ್ಫಿ ಕೇಂದ್ರಗಳನ್ನು ನಿಲ್ದಾಣಗಳಲ್ಲಿ ಸ್ಥಾಪಿಸಲು ತಾತ್ಕಾಲಿಕವಾದದ್ದಕ್ಕೆ ತಲಾ 1.25 ಲಕ್ಷ ರೂಪಾಯಿ, ಶಾಶ್ವತವಾದದ್ದಕ್ಕೆ ತಲಾ 6.25 ಲಕ್ಷ ರೂಪಾಯಿ ನಿಗದಿಯಾಗಿತ್ತು. ಸಾಧನೆಯನ್ನು ಸಾರಲು ಫಲಕ ಸಾಕಾಯಿತು. ಆ ಫಲಕದ ಬೆಲೆ ತಿಳಿಯಲು ಮಾತ್ರ ಅರ್ಜಿ ಬೇಕಾಯಿತು.

ಇದು ಒಂದೇ ಪಕ್ಷದ ರೋಗವಲ್ಲ. ದಿಲ್ಲಿ-ಮೀರತ್ ಮುಂತಾದ ತ್ವರಿತ ರೈಲು ಯೋಜನೆಗಳಿಗೆ ತನ್ನ ಪಾಲಿನ ಹಣ ಕೊಡಲಾಗದೆಂದು ಅಂದಿನ ದಿಲ್ಲಿ ಸರಕಾರ ಸುಪ್ರೀಮ್ ಕೋರ್ಟಿನ ಮುಂದೆ ಕೈಚೆಲ್ಲಿತು. ಜಾಹೀರಾತಿನ ಲೆಕ್ಕ ಕೊಡಿ ಎಂದು ನ್ಯಾಯಾಲಯ ಕೇಳಿದಾಗ, ಮೂರು ವರ್ಷಗಳಲ್ಲಿ ಸುಮಾರು 1,100 ಕೋಟಿ ರೂಪಾಯಿ ಪ್ರಚಾರಕ್ಕೆ ವ್ಯಯವಾದದ್ದು ಹೊರಬಂತು. 2023ರ ಜುಲೈಯಲ್ಲಿ 415 ಕೋಟಿ ಪಾವತಿಸುವಂತೆ ಆದೇಶವಾಯಿತು. ಹಳಿಗೆ ಹಣವಿಲ್ಲ, ಹೊಗಳಿಕೆಗೆ ಹಣವಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ಸರಕಾರದ ಯೋಜನೆಗಳು ಜನರಿಗೆ ತಿಳಿಯಬೇಡವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತಿಳಿಯಬೇಕು. ಲಸಿಕೆಯ ದಿನಾಂಕ, ವಿದ್ಯಾರ್ಥಿವೇತನದ ಕೊನೆಯ ದಿನ ಇವೆಲ್ಲ ಗೋಡೆಯ ಮೇಲೆ ಬರಲಿ. ಆದರೆ ಮಾಹಿತಿಗೂ ಆತ್ಮಸ್ತುತಿಗೂ ಅಂತರವಿಲ್ಲವೇ? 2015ರ ಮೇಯಲ್ಲಿ ಸುಪ್ರೀಮ್ ಕೋರ್ಟು ಸರಕಾರಿ ಜಾಹೀರಾತುಗಳಿಗೆ ಮಾರ್ಗಸೂಚಿ ವಿಧಿಸಿ, ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳ ಹೊರತು ಇತರರ ಭಾವಚಿತ್ರ ಸಲ್ಲದೆಂದಿತು. ಸರಕಾರಗಳು ಮತ್ತೆ ಬಾಗಿಲು ತಟ್ಟಿದವು. 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಮತ್ತು ಸಚಿವರ ಚಿತ್ರಗಳಿಗೂ ಅನುಮತಿ ದೊರೆಯಿತು. ಮುಖಗಳಿಗಾಗಿ ಹೋರಾಡಿದ ಈ ಉತ್ಸಾಹ ಲೆಕ್ಕ ತೋರಿಸುವುದರಲ್ಲಿ ಎಂದಾದರೂ ಕಂಡಿದೆಯೇ?

ಹಾಗಾದರೆ ಸರಕಾರಿ ವೆಚ್ಚದ ಫಲಕ ಹೇಗಿರಬೇಕು? ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್, ಯಾರೂ ಕೇಳುವ ಮೊದಲೇ ಬಜೆಟ್ ಹಂಚಿಕೆ ಮತ್ತು ವೆಚ್ಚದ ವಿವರಗಳನ್ನು ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಸಂಸ್ಥೆಗಳ ಮೇಲೆ ಹೊರಿಸಿದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆಂದು ಹೇಳಿದೆ; ಪ್ರಸಾರದ ಸಾಧನಗಳಲ್ಲಿ ಸೂಚನಾ ಫಲಕವನ್ನೂ ಹೆಸರಿಸಿದೆ.

2023ರ ಆಗಸ್ಟ್ 6ರಂದು 508 ನಿಲ್ದಾಣಗಳ ಪುನರ್ನಿರ್ಮಾಣಕ್ಕೆ ಶಂಕುಸ್ಥಾಪನೆಯಾಯಿತು. ಒಟ್ಟು ವೆಚ್ಚ 24,470 ಕೋಟಿಗೂ ಅಧಿಕವೆಂದು ಘೋಷಿಸಲಾಯಿತು. ಇಂತಹ ಬೃಹತ್ ಸಂಖ್ಯೆಗಳು ಪ್ರಯಾಣಿಕನನ್ನು ಬೆರಗುಗೊಳಿಸುತ್ತವೆಯೇ ಹೊರತು ಅವನ ಕೈಗೆ ಏನನ್ನೂ ಕೊಡುವುದಿಲ್ಲ. ಅವನು ನಿಂತಿರುವ ನಿಲ್ದಾಣಕ್ಕೆ ಮಂಜೂರಾದದ್ದೆಷ್ಟು, ಈವರೆಗೆ ಖರ್ಚಾದದ್ದೆಷ್ಟು, ಗುತ್ತಿಗೆದಾರ ಯಾರು, ಶೌಚಾಲಯ ಮತ್ತು ಮೇಲ್ಸೇತುವೆ ಮುಗಿಯುವುದೆಂದು ಎಂಬಿಷ್ಟನ್ನು ಅವನ ಭಾಷೆಯಲ್ಲಿ, ದೂರದಿಂದ ಓದಬಹುದಾದ ಅಕ್ಷರಗಳಲ್ಲಿ ಬರೆಯಲಿ. ಕೊನೆಯ ಸಾಲಿನಲ್ಲಿ ಆ ಫಲಕದ ವೆಚ್ಚವೂ ಇರಲಿ.

ಅಂತಹ ಫಲಕದ ಮುಂದೆ ಯಾರೂ ಸೆಲ್ಫಿ ತೆಗೆಯಲಾರರು. ಆದರೆ ಅದನ್ನು ಓದಿದವನು ಸ್ಟೇಷನ್ ಮಾಸ್ತರರ ಕೋಣೆಗೆ ಹೋಗಿ ಒಂದು ಪ್ರಶ್ನೆ ಕೇಳಬಲ್ಲನು. ಬಹುಶಃ ಅದು ಗೋಡೆಗೆ ಏರದಿರಲು ಕಾರಣವೂ ಅದೇ.