ಹೆಸರಷ್ಟೇ ಹೊಸದು, ನೊಗ ಹಳೆಯದೇ

ಪಶ್ಚಿಮ ಆಫ್ರಿಕಾದ ಎಂಟು ದೇಶಗಳ ಸಿಎಫ್‌ಎ ಫ್ರಾಂಕ್ ಇನ್ನು ಮುಂದೆ ‘ಎಕೊ’ ಆಗಲಿದೆ ಎಂದು 2019ರ ಡಿಸೆಂಬರಿನಲ್ಲಿ ಅಬಿಜಾನ್‌ನಲ್ಲಿ ಘೋಷಿಸಿದವರು ಐವರಿ ಕೋಸ್ಟ್ ಅಧ್ಯಕ್ಷ ಅಲಸಾನ್ ವಟಾರಾ. ಪಕ್ಕದಲ್ಲಿದ್ದವರು ಫ್ರಾನ್ಸ್ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್. ಆಫ್ರಿಕಾದವರು ತಮ್ಮ ಹಣದ ವಿಚಾರ ತೀರ್ಮಾನಿಸಲು ಪ್ಯಾರಿಸ್ಸಿನ ಸಮ್ಮತಿ ಏಕೆ ಬೇಕು?

ಈ ಕರೆನ್ಸಿ ಹುಟ್ಟಿದ್ದು 1945ರಲ್ಲಿ, ಫ್ರಾನ್ಸಿನ ಆಫ್ರಿಕಾ ವಸಾಹತುಗಳಿಗೆಂದೇ. 1960ರಲ್ಲಿ ಒಂದಾದ ಮೇಲೊಂದು ದೇಶ ಸ್ವತಂತ್ರವಾಯಿತು, ಬಾವುಟಗಳು ಬದಲಾದವು. ನೋಟು ಮಾತ್ರ ಉಳಿಯಿತು. ಬಿಟ್ಟು ಹೊರಟವರಿಗೆ ಏನಾಯಿತೆಂದು ಎಲ್ಲರೂ ಕಂಡಿದ್ದರು: ಗಿನಿ ದೇಶ ತನ್ನದೇ ಕರೆನ್ಸಿ ತಂದಾಗ ಫ್ರಾನ್ಸಿನ ಬೇಹುಗಾರರು ಅಲ್ಲಿಗೆ ಖೋಟಾ ನೋಟು ಸುರಿದರು. ಉಳಿದುಕೊಂಡವರು ತಮ್ಮ ವಿದೇಶಿ ವಿನಿಮಯ ಸಂಗ್ರಹದ ದೊಡ್ಡ ಪಾಲನ್ನು ದಶಕಗಳ ಕಾಲ ಫ್ರೆಂಚ್ ಖಜಾನೆಯಲ್ಲಿ ಇಡಬೇಕಾಯಿತು. 2019ರ ಒಪ್ಪಂದ ಆ ಎಂಟು ದೇಶಗಳನ್ನು ಈ ಕಟ್ಟುಪಾಡಿನಿಂದ ಬಿಡಿಸಿತು, ಒಪ್ಪೋಣ. ಆದರೆ ಒಂದು ಯೂರೊಗೆ 655.957 ಫ್ರಾಂಕ್ ಎಂಬ ದರ ಕದಲಲಿಲ್ಲ. ತಿರುಳೇ ಅದು.

ಮಾಲಿ, ಬುರ್ಕಿನಾ ಫಾಸೊಗಳ ಹತ್ತಿ ಬೆಳೆಗಾರನನ್ನು ನೋಡಿ. ಅವನ ಹತ್ತಿ ಲೋಕದ ಮಾರುಕಟ್ಟೆಯಲ್ಲಿ ಮಾರಾಟವಾಗುವುದು ಡಾಲರಿನಲ್ಲಿ. 2001ರಲ್ಲಿ ಯೂರೊ ಸೊರಗಿದ್ದಾಗ ಒಂದು ಡಾಲರಿಗೆ 700ಕ್ಕೂ ಹೆಚ್ಚು ಫ್ರಾಂಕ್ ಸಿಗುತ್ತಿತ್ತು. 2008ರ ಮಧ್ಯದಲ್ಲಿ ಯೂರೊ ಉಬ್ಬಿದಾಗ ಸಿಕ್ಕಿದ್ದು 410ರ ಆಸುಪಾಸು. ಹತ್ತಿ ಅದೇ, ದುಡಿಮೆ ಅದೇ, ಡಾಲರಿನ ಬೆಲೆ ಅಷ್ಟೇ ಇದ್ದರೂ ಫ್ರಾಂಕಿನ ಲೆಕ್ಕದಲ್ಲಿ ಐದರಲ್ಲಿ ಎರಡು ಪಾಲು ಖೋತಾ. ಫ್ರಾಂಕ್‌ಫರ್ಟಿನ ಯುರೋಪಿಯನ್ ಕೇಂದ್ರ ಬ್ಯಾಂಕ್ ಯೂರೊ ಬಳಸುವ ದೇಶಗಳ ಹಿತ ನೋಡಿ ಬಡ್ಡಿದರ ಹಾಕುತ್ತದೆ. ಅದರ ಪೆಟ್ಟು ತಿನ್ನುವವನು ಈ ರೈತ. ಅವನ ಸರ್ಕಾರ ಕೈಕಟ್ಟಿ ಕೂರಬೇಕು.

ಈ ಸಂಕಟ ನಮಗೆ ಹೊಸದಲ್ಲ. 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ರೂಪಾಯಿಯನ್ನು 1 ಶಿಲಿಂಗ್ 6 ಪೆನ್ಸ್‌ಗೆ ಕಟ್ಟಿಹಾಕಲು ಹೇಳಿದಾಗ, ಸದಸ್ಯ ಪುರುಷೋತ್ತಮದಾಸ್ ಠಾಕೂರ್‌ದಾಸ್ 1 ಶಿಲಿಂಗ್ 4 ಪೆನ್ಸೇ ಸರಿ ಎಂದು ಭಿನ್ನಮತ ಬರೆದರು. ದರ ಏರಿದರೆ ಬೆಳೆಯುವವನು ಸೋಲುತ್ತಾನೆ ಎಂಬುದೇ ಅಂದಿನ ಭಾರತೀಯರ ದೂರೂ ಆಗಿತ್ತು.

ನಿಗದಿತ ದರದಿಂದ ಬೆಲೆಯೇರಿಕೆ ಹಿಡಿತದಲ್ಲಿರುತ್ತದೆ, ಪಕ್ಕದ ಘಾನಾದಲ್ಲಿ 2022ರ ಕೊನೆಗೆ ಹಣದುಬ್ಬರ ಶೇ 50 ದಾಟಿತಲ್ಲ ಎನ್ನುತ್ತಾರೆ ಸಮರ್ಥಕರು. ನಿಜ, ಅದು ಸಣ್ಣ ಲಾಭವಲ್ಲ. ಆದರೆ 1994ರ ಜನವರಿಯಲ್ಲಿ ಇದೇ ‘ಭದ್ರ’ ಫ್ರಾಂಕ್ ರಾತ್ರೋರಾತ್ರಿ ಅರ್ಧ ಬೆಲೆಗೆ ಇಳಿಯಿತು. ಫ್ರಾನ್ಸ್ ಮತ್ತು ಐಎಂಎಫ್ ಒತ್ತಡಕ್ಕೆ ಮಣಿದು ಡಕಾರ್‌ನಲ್ಲಿ ಸೇರಿದ ನಾಯಕರು ಸಹಿ ಹಾಕಿದರು. ಆಮದು ಔಷಧಿ ಕೊಳ್ಳುವವರ ಗತಿ ಏನಾಗಿರಬೇಕು?

ಒಕ್ಕೂಟ ಒಡೆಯಬೇಕಿಲ್ಲ, ಎಂಟು ದೇಶಗಳು ಒಂದೇ ಕರೆನ್ಸಿ ಇಟ್ಟುಕೊಳ್ಳಲಿ. ಯೂರೊ ಒಂದಕ್ಕೇ ಜೋತುಬೀಳದೆ, ತಾವು ವ್ಯಾಪಾರ ಮಾಡುವ ದೇಶಗಳ ಹಲವು ಕರೆನ್ಸಿಗಳನ್ನು ನೋಡಿ ದರ ಗೊತ್ತುಮಾಡಲಿ. ಆ ಅಧಿಕಾರ ಡಕಾರ್‌ನಲ್ಲಿರುವ ಅವುಗಳ ಕೇಂದ್ರ ಬ್ಯಾಂಕಿನದಾಗಬೇಕು, ಫ್ರಾನ್ಸ್ ಅದರಿಂದ ಪೂರ್ತಿ ದೂರ ಸರಿಯಬೇಕು.